ಎಂಟು ಪಂದ್ಯಕ್ಕೆ ಮುಗಿದ ಸೀಸನ್

1919-20ರ ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನ ಸೆಕೆಂಡ್ ಡಿವಿಷನ್ ಅಂಕಪಟ್ಟಿ ತೆಗೆದು ನೋಡಿ. ಪೋರ್ಟ್ ವೇಲ್ ಅನ್ನೋ ಕ್ಲಬ್ 13ನೇ ಜಾಗದಲ್ಲಿದೆ. ಅದರ ಹೆಸರಿನ ಮುಂದೆ 42 ಪಂದ್ಯ ಅಂತಿದೆ. ಆದರೆ ಮೊದಲ ಎಂಟು ಪಂದ್ಯ ಆಡಿದ್ದು ಪೋರ್ಟ್ ವೇಲ್ ಅಲ್ಲವೇ ಅಲ್ಲ, ಲೀಡ್ಸ್ ಸಿಟಿ. ನಾಲ್ಕು ಗೆದ್ದು, ಎರಡು ಡ್ರಾ ಮಾಡಿಕೊಂಡು, ಎರಡು ಸೋತು, 10 ಅಂಕ ಗಳಿಸಿ ಆ ಕ್ಲಬ್ ಕಣ್ಮುಚ್ಚಿತು. ಅಂಕಗಳು ಮಾತ್ರ ಅದರ ಜಾಗಕ್ಕೆ ಬಂದ ಪೋರ್ಟ್ ವೇಲ್ ಪಾಲಾದವು.

ಲೀಡ್ಸ್ ಊರಿನ ಈಗಿನ ಕ್ಲಬ್ ಲೀಡ್ಸ್ ಯುನೈಟೆಡ್ ಗೊತ್ತಿರೋ ಎಷ್ಟೋ ಜನರಿಗೆ ಅದಕ್ಕಿಂತ ಮುಂಚೆ ಅದೇ ಎಲ್ಲಂಡ್ ರೋಡ್ ಮೈದಾನದಲ್ಲಿ ಇನ್ನೊಂದು ಕ್ಲಬ್ ಇತ್ತು ಅನ್ನೋದೇ ಗೊತ್ತಿಲ್ಲ. ಗೊತ್ತಿರೋರು "ಅವರು ಕಳ್ಳಾಟ ಆಡಿದ್ರು, ಶಿಕ್ಷೆ ಆಯ್ತು" ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ. ನನಗೆ ತಕರಾರಿರೋದು ಅಲ್ಲೇ.

ಮೊದಲ ಮಹಾಯುದ್ಧದ ಸಮಯದಲ್ಲಿ ಮಾಮೂಲಿ ಲೀಗ್ ನಿಂತುಹೋಗಿತ್ತು. ಅದರ ಬದಲು ಪ್ರಾದೇಶಿಕ ಟೂರ್ನಿಗಳು ನಡೀತಿದ್ದವು. ಆಟಗಾರರಿಗೆ ಸಂಬಳ ಕೊಡುವಂತಿರಲಿಲ್ಲ, ಖರ್ಚು ಮಾತ್ರ ಕೊಡಬಹುದಿತ್ತು. ಯಾರು ಯಾವ ಊರಿನ ಹತ್ತಿರ ಕೆಲಸದಲ್ಲಿದ್ದಾರೋ ಅಲ್ಲಿನ ಕ್ಲಬ್ಬಿಗೆ ಅತಿಥಿ ಆಟಗಾರನಾಗಿ ಆಡಬಹುದಿತ್ತು. ಲೀಡ್ಸ್ ಸಿಟಿಗೆ ಹೀಗೆ ಒಳ್ಳೊಳ್ಳೆ ಅತಿಥಿಗಳು ಸಿಕ್ಕರು. ಆಸ್ಟನ್ ವಿಲ್ಲಾದ ಕ್ಲೆಮ್ ಸ್ಟೀಫನ್‌ಸನ್, ನಾಟ್ಸ್ ಕೌಂಟಿಯ ಜ್ಯಾಕ್ ಪಿಯರ್ಟ್ ಅಂಥವರು. 1918ರಲ್ಲಿ ಸ್ಟೋಕ್ ತಂಡವನ್ನು ಸೋಲಿಸಿ ಯುದ್ಧಕಾಲದ ಚಾಂಪಿಯನ್ ಕೂಡ ಆದರು. ಇಂಥ ಆಟಗಾರರು ಬರೀ ಟ್ರೈನ್ ಚಾರ್ಜಿಗೆ ಬಂದು ಆಡ್ತಿದ್ರಾ? ಯಾರಿಗೂ ಆ ಭ್ರಮೆ ಇರಲಿಲ್ಲ. ಕದ್ದುಮುಚ್ಚಿ ದುಡ್ಡು ಕೊಡೋದು ಲೀಡ್ಸ್ ಒಂದರಲ್ಲೇ ನಡೀತಿತ್ತು ಅಂತ ಆಗ ನಂಬಿದವರು ಕಡಿಮೆ.

ಗುಟ್ಟು ಹೊರಗೆ ಬಿದ್ದದ್ದು ಸಂಬಳದ ಜಗಳದಿಂದ. ಚಾರ್ಲಿ ಕೋಪ್‌ಲೆಂಡ್ ಅನ್ನೋ ಆಟಗಾರ ಸಂಬಳ ಜಾಸ್ತಿ ಮಾಡಿ ಅಂದ. ಕ್ಲಬ್ ಒಪ್ಪದೆ ಅವನನ್ನು ಕೋವೆಂಟ್ರಿ ಕ್ಲಬ್ಬಿಗೆ ಕಳಿಸಿಬಿಟ್ಟಿತು. ಅವನು ಸುಮ್ನೆ ಹೋಗಲಿಲ್ಲ, ಯುದ್ಧದ ಸಮಯದಲ್ಲಿ ಕದ್ದು ದುಡ್ಡು ಕೊಟ್ಟಿದ್ದಾರೆ ಅಂತ ಆಟದ ಆಡಳಿತ ನಡೆಸೋ ಫುಟ್‌ಬಾಲ್ ಅಸೋಸಿಯೇಷನ್‌ಗೂ (ಎಫ್‌ಎ) ಲೀಗ್‌ಗೂ ದೂರು ಕೊಟ್ಟ. ತನಿಖೆ ಶುರುವಾಯಿತು. ಅಕ್ಟೋಬರ್ 6ರೊಳಗೆ ಲೆಕ್ಕದ ಪುಸ್ತಕ ತಂದು ತೋರಿಸಿ ಅಂತ ಗಡುವು ಕೊಟ್ಟರು. ಕ್ಲಬ್ಬಿನ ವಕೀಲರು ಅದು ನಮ್ಮ ಕೈಲಿಲ್ಲ ಅಂದರು.

ಇಲ್ಲಿ ಡೈರೆಕ್ಟರುಗಳ ಪರ ನಾನು ವಾದ ಮಾಡೋದಿಲ್ಲ. ಅದು ಶುದ್ಧ ದಡ್ಡತನ. ಪುಸ್ತಕ ಕೊಟ್ಟು ತಪ್ಪಾಯ್ತು ಅಂದಿದ್ರೆ ಕ್ಲಬ್ಬಾದರೂ ಉಳೀತಿತ್ತೇನೋ. ಅಥವಾ ಆ ಪುಸ್ತಕದಲ್ಲಿ ಇನ್ನೂ ಎಷ್ಟು ಜನರ ಹೆಸರಿತ್ತೋ!

ಗಡುವಿಗೆ ಎರಡು ದಿನ ಮುಂಚೆ, ಅಕ್ಟೋಬರ್ 4ರಂದು, ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಪಂದ್ಯ. ದೇಶದಲ್ಲೆಲ್ಲ ರೈಲ್ವೆ ಮುಷ್ಕರ. ಲೀಡ್ಸ್ 4-2ರಿಂದ ಗೆದ್ದಿತು. ಬಿಲ್ಲಿ ಮೆಕ್‌ಲಿಯಡ್ ಮೂರು ಗೋಲು ಹೊಡೆದ. 1906ರಿಂದ ಈ ಕ್ಲಬ್ಬಿಗೆ ಆಡುತ್ತಾ 170ಕ್ಕೂ ಹೆಚ್ಚು ಗೋಲು ಹೊಡೆದವನು ಅವನು. ಟ್ರೈನ್ ಇಲ್ಲದ್ದರಿಂದ ತಂಡ ತೆರೆದ ಬಸ್ಸಿನಲ್ಲಿ ಊರಿಗೆ ವಾಪಸ್ ಹೊರಟಿತು. ದಾರಿಯಲ್ಲಿ ಮುಷ್ಕರಕ್ಕೆ ಸಿಕ್ಕಿಹಾಕಿಕೊಂಡು ನಿಂತಿದ್ದವರನ್ನೂ ಹತ್ತಿಸಿಕೊಂಡು ಬಂದರಂತೆ. ಮೂರು ಗೋಲು ಹೊಡೆದವನ ಪಕ್ಕ ಯಾರೋ ಗಂಟುಮೂಟೆ ಇಟ್ಕೊಂಡು ಕೂತಿದ್ದಿರಬೇಕು. ಲೀಡ್ಸ್ ಸಿಟಿಯ ಕೊನೆಯ ಪಂದ್ಯ ಅದೇ.

ಅಕ್ಟೋಬರ್ 13ಕ್ಕೆ ಕ್ಲಬ್ಬನ್ನು ಲೀಗ್‌ನಿಂದ ಹೊರಹಾಕಿದರು. 17ರಂದು ಲೀಡ್ಸ್‌ನ ಮೆಟ್ರೊಪೋಲ್ ಹೋಟೆಲಿನಲ್ಲಿ ಹರಾಜು. ಗೋಲ್ ಪೋಸ್ಟು, ಬಲೆ, ಬೂಟು, ಜೆರ್ಸಿ, ಜೊತೆಗೆ ಆಟಗಾರರು. ಬೇರೆ ಬೇರೆ ಕ್ಲಬ್ಬಿನವರು ಬಂದು ಬೆಲೆ ಕೂಗಿದರು. ಮೆಕ್‌ಲಿಯಡ್‌ನನ್ನು ನಾಟ್ಸ್ ಕೌಂಟಿ 1,250 ಪೌಂಡ್‌ಗೆ ಕೊಂಡಿತು. ಅವತ್ತಿನ ಅತಿ ಹೆಚ್ಚಿನ ಬೆಲೆ ಅದು. ಬಿಲ್ಲಿ ಕರ್ಟನ್‌ನನ್ನು ಆಸ್ಟನ್ ವಿಲ್ಲಾ 500 ಪೌಂಡ್‌ಗೆ ತಗೊಂಡಿತು. ನಾವು ಐಪಿಎಲ್ ಹರಾಜು ನೋಡಿ ಅಭ್ಯಾಸ ಆದವರು, ಇದರಲ್ಲೇನಿದೆ ಅನ್ನಿಸಬಹುದು. ಆದರೆ ಐಪಿಎಲ್‌ನಲ್ಲಿ ಆಟಗಾರ ತಾನೇ ಹೆಸರು ಕೊಟ್ಟು ಬರ್ತಾನೆ, ಬಂದ ದುಡ್ಡೂ ಅವನದೇ. ಇಲ್ಲಿ ಬೇರೆಯವರು ಮಾಡಿದ ತಪ್ಪಿಗೆ ನಾಲ್ಕು ದಿನದ ಹಿಂದೆ ಕೆಲಸ ಹೋಗಿದೆ, ಈಗ ತನ್ನನ್ನೇ ಮಾರ್ತಿದ್ದಾರೆ.

ಈಗ ಅದೇ ಲೀಗ್ ಅದೇ ವರ್ಷ ಇನ್ನೇನು ಮಾಡಿತ್ತು ನೋಡಿ. 1915ರ ಏಪ್ರಿಲ್ 2ರಂದು ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್ ಪಂದ್ಯವನ್ನು ಎರಡೂ ಕಡೆಯ ಕೆಲವು ಆಟಗಾರರು ಸೇರಿ ಬೆಟ್ಟಿಂಗ್‌ಗಾಗಿ ಮೊದಲೇ ಫಿಕ್ಸ್ ಮಾಡಿದ್ದರು. ಅದು ಸಾಬೀತೂ ಆಯಿತು. ಆಟಗಾರರಿಗೆ ಆಜೀವ ನಿಷೇಧ. ಕ್ಲಬ್ಬುಗಳಿಗೆ? ಒಂದು ಅಂಕವೂ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ, 1919ರಲ್ಲಿ, ಹೆಚ್ಚಿನವರ ನಿಷೇಧವನ್ನೂ ತೆಗೆದರು. ಇನ್ನೊಂದು ಕಡೆ, 1915ರಲ್ಲಿ ಸೆಕೆಂಡ್ ಡಿವಿಷನ್‌ನಲ್ಲಿ ಬಡ್ತಿ ಸಿಗೋ ಮೊದಲ ಎರಡು ಜಾಗಕ್ಕೆ ಹತ್ತಿರವೂ ಬರದಿದ್ದ ಆರ್ಸೆನಲ್‌ಗೆ 1919ರಲ್ಲಿ ಫಸ್ಟ್ ಡಿವಿಷನ್ ಸಿಕ್ಕಿತು, ವೋಟಿನಿಂದ. ಆ ಸಭೆಯಲ್ಲಿ ಆರ್ಸೆನಲ್ ಪರ ಮಾತಾಡಿದವರು ಲೀಗ್ ಅಧ್ಯಕ್ಷ ಜಾನ್ ಮೆಕ್ಕೆನ್ನಾ. ಅವರು ಲಿವರ್‌ಪೂಲ್ ಕ್ಲಬ್ ಕಟ್ಟಿ ಬೆಳೆಸಿದವರು. ಕೆಲವೇ ತಿಂಗಳ ನಂತರ ಲೀಡ್ಸ್ ಸಿಟಿಯ ಬಾಗಿಲು ಮುಚ್ಚಿಸಿದ್ದೂ ಇವರದೇ ಲೀಗ್.

ಪಂದ್ಯ ಮಾರಿಕೊಳ್ಳೋದು ದೊಡ್ಡ ತಪ್ಪಾ, ಆಡಿದವನ ಕೈಗೆ ನಾಲ್ಕು ಕಾಸು ಕೊಡೋದು ದೊಡ್ಡ ತಪ್ಪಾ? ಲೀಡ್ಸ್ ಸಿಟಿ ಎರಡನೇ ಡಿವಿಷನ್‌ನ ಕ್ಲಬ್, 1905ರಲ್ಲಷ್ಟೇ ಲೀಗ್‌ಗೆ ಸೇರಿದ್ದು. ದೊಡ್ಡವರ ಕೂಟದಲ್ಲಿ ಅದಕ್ಕೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಇಂಥವರ ಮೇಲೆ ಶಿಸ್ತು ತೋರಿಸೋದು ಯಾವತ್ತೂ ಸುಲಭ ಅಲ್ವಾ?

ಊರಿನವರು ಮಾತ್ರ ಅಳುತ್ತಾ ಕೂರಲಿಲ್ಲ. ಹರಾಜಾದ ದಿನವೇ ಸೇಲಂ ಹಾಲ್‌ನಲ್ಲಿ ಸೇರಿ ಲೀಡ್ಸ್ ಯುನೈಟೆಡ್ ಕಟ್ಟಿದರು. ಪಕ್ಕದ ಹಡರ್ಸ್‌ಫೀಲ್ಡ್ ಟೌನ್‌ನ ಮಾಲೀಕ ಹಿಲ್ಟನ್ ಕ್ರೌದರ್ ತನ್ನ ಕ್ಲಬ್ಬನ್ನೇ ಲೀಡ್ಸ್‌ಗೆ ಎತ್ತಿಕೊಂಡು ಬರ್ತೀನಿ ಅಂತ ಹೊರಟ. ಹಡರ್ಸ್‌ಫೀಲ್ಡ್ ಜನ ದುಡ್ಡು ಒಟ್ಟುಮಾಡಿ ಅದನ್ನು ತಡೆದರು. ತಡೆದದ್ದಷ್ಟೇ ಅಲ್ಲ, ಅದೇ ಸೀಸನ್ನಲ್ಲಿ ಅವರ ತಂಡ ಫಸ್ಟ್ ಡಿವಿಷನ್‌ಗೆ ಬಡ್ತಿ ಪಡೆದು ಎಫ್‌ಎ ಕಪ್ ಫೈನಲ್‌ಗೂ ಹೋಯಿತು. ಅಲ್ಲಿ ಆಸ್ಟನ್ ವಿಲ್ಲಾ ಎದುರು 1-0 ಸೋಲು. ಗೋಲು ಯಾರ ಹೆಸರಲ್ಲಿದೆ ಗೊತ್ತಾ? 500 ಪೌಂಡ್‌ಗೆ ಹರಾಜಾದ ಬಿಲ್ಲಿ ಕರ್ಟನ್.

ಇನ್ನು ಹರ್ಬರ್ಟ್ ಚಾಪ್ಮನ್. 1912ರಿಂದ ಲೀಡ್ಸ್ ಸಿಟಿ ಮ್ಯಾನೇಜರ್. ಈ ಗಲಾಟೆಯಲ್ಲಿ ಅವರ ಮೇಲೂ ನಿಷೇಧ ಬಿತ್ತು. ಯುದ್ಧದ ಸಮಯದಲ್ಲಿ ನಾನು ಬಾರ್ನ್‌ಬೋ ಮದ್ದುಗುಂಡು ಕಾರ್ಖಾನೆಯ ಕೆಲಸದಲ್ಲಿದ್ದೆ, ದುಡ್ಡಿನ ವ್ಯವಹಾರ ನಡೆದಾಗ ಕ್ಲಬ್ಬಿನಲ್ಲಿ ಇರಲೇ ಇಲ್ಲ ಅನ್ನೋ ಚಾಪ್ಮನ್ ವಾದ ನಿಂತಿತು, ನಿಷೇಧ ಹೋಯಿತು. ಅವರು ಹಡರ್ಸ್‌ಫೀಲ್ಡ್‌ಗೆ ಹೋಗಿ 1924, 1925ರಲ್ಲಿ ಲೀಗ್ ಗೆಲ್ಲಿಸಿದರು. ಲೀಡ್ಸ್‌ಗೆ ಅತಿಥಿಯಾಗಿ ಬಂದಿದ್ದ ಸ್ಟೀಫನ್‌ಸನ್ ಅಲ್ಲಿ ಅವರ ಕ್ಯಾಪ್ಟನ್. ಆಮೇಲೆ ಚಾಪ್ಮನ್ ಆರ್ಸೆನಲ್‌ಗೆ ಹೋಗಿ ದಂತಕಥೆಯಾದರು. ಆಟದ ವಿಷಯದಲ್ಲಿ ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ. ಆದರೆ ತನ್ನ ಕ್ಲಬ್ಬಿನಲ್ಲಿ ಏನು ನಡೀತಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ ಅಂದ್ರೆ ನಾನಂತೂ ನಂಬೋದಿಲ್ಲ.