ಕೆಸರು ಬಂತು, ಪಕ್ಕಕ್ಕೆ ಬಾ

ಮೆಟ್ಟಿಲು ಹತ್ತೋದು ಪರವಾಗಿಲ್ಲ, ಇಳಿಯುವಾಗ ಮಾತ್ರ ಗೋಡೆ ಹಿಡಿದುಕೊಳ್ಳುತ್ತಿದ್ದೇನೆ. ಬೆಟ್ಟ ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕುತ್ತದೆ, ನೋವಿನ ಬಿಲ್ಲು ಬರೋದು ಮಾರನೇ ದಿನ. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಗೆಳೆಯನ ಶೂ. ಕಾಡು ತುಂಬಿದ ನಾಲ್ಕು ಶಿಖರ ಹತ್ತಿ ಇಳಿದರೂ ಅದು ಫಳಫಳ ಅನ್ನುತ್ತಿತ್ತು.

ಹೊರಡುವ ಮೊದಲು ಸಮಯದ ಲೆಕ್ಕ ಹಾಕಿದ್ದೂ ಅವನೇ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ: ಗಂಟೆಗೆ ಸುಮಾರು 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸೂತ್ರದಲ್ಲಿ ತಪ್ಪಿಲ್ಲ. ಆದರೆ ಒದ್ದೆ ಬೇರು, ಪಾಚಿ ಕಟ್ಟಿದ ಬಂಡೆಗೆ ಅದರಲ್ಲಿ ಜಾಗವಿಲ್ಲ. ಕೆಸರು ಕಂಡಲ್ಲೆಲ್ಲ ನಿಂತು ಯೋಚಿಸುವ ಮನುಷ್ಯನಿಗಂತೂ ಇಲ್ಲವೇ ಇಲ್ಲ.

ಕಾಲುದಾರಿಯಲ್ಲಿ ಕೆಸರಿದ್ದರೆ ನಡುವೆಯೇ ಕಾಲಿಟ್ಟು ಹೋಗಬೇಕು. ಪಕ್ಕದಲ್ಲಿ ಹೋದರೆ ಅಲ್ಲಿನ ಗಿಡ ತುಳಿತಕ್ಕೆ ಸಾಯುತ್ತದೆ, ಮುಂದಿನ ಮಳೆಗೆ ಅದೂ ಕೆಸರಾಗುತ್ತದೆ. ಆಮೇಲೆ ಬಂದವರು ಅದರ ಆಚೆ ತುಳಿಯುತ್ತಾರೆ. ಒಬ್ಬರು ನಡೆಯುವ ದಾರಿ ಕೊನೆಗೆ ಗಾಡಿ ಹೋಗುವಷ್ಟು ಅಗಲ. ಇದನ್ನೆಲ್ಲ ವಿವರಿಸಿದೆ. ‘ಹೌದಾ?’ ಅಂತ ಪೊದೆಯೊಳಗಿಂದ ಕೇಳಿದ.

ಪೊದೆಗೆ ನುಗ್ಗಿದವನು ಸುಮ್ನೆ ಹೋಗುತ್ತಾನಾ? ಅಡ್ಡ ಬಂದ ಕೊಂಬೆಯನ್ನು ಎದೆಗೊತ್ತಿಕೊಂಡು ದಾಟುತ್ತಾನೆ, ದಾಟಿದ ಮೇಲೆ ಬಿಡುತ್ತಾನೆ. ಅದು ಸೀದಾ ನನ್ನ ಮುಖಕ್ಕೆ. ಆಮೇಲೆ ‘ಕೊಂಬೆ ಇದೆ, ನೋಡ್ಕೊಂಡು ಬಾ’. ಮೊದಲ ಶಿಖರದ ದಾರಿಯಲ್ಲಿ ಬರೀ ಎಲೆ. ಎರಡನೆಯದಕ್ಕೆ ರಾತ್ರಿ ಮಳೆಯ ನೀರೂ ಜೊತೆಗೆ. ಮೂರನೆಯದಕ್ಕೆ ನಾನು ಹತ್ತು ಹೆಜ್ಜೆ ಹಿಂದುಳಿದೆ. ಪುಣ್ಯಾತ್ಮ ಕೊಂಬೆ ಹಿಡಿದುಕೊಂಡೇ ಕಾದ, ನಾನು ಹತ್ತಿರ ಬಂದ ಮೇಲೆ ಬಿಟ್ಟ. ನಾಲ್ಕನೆಯದಕ್ಕೆ ಮೊದಲೇ ಎಚ್ಚರಿಸಿದ. ನಾನು ಬಗ್ಗಿದೆ. ಈ ಸಲದ ಕೊಂಬೆ ಕೆಳಗಿತ್ತು.

ಶಿಖರಗಳಾದರೂ ಸಮಾಧಾನ ಕೊಟ್ಟವಾ ಅಂದರೆ ಅದೂ ಇಲ್ಲ. ತುದಿಯವರೆಗೂ ಮರಗಳಿದ್ದರೆ ತುದಿಯಿಂದ ಕಾಣುವುದೂ ಮರಗಳೇ. ಇಳಿಜಾರು ಶುರುವಾದ ಮೇಲೆ, ‘ಓ, ದಾಟಿದೆವು’. ಬೆವರು ಸುರಿಸಿ ಗಳಿಸಿದ ಎತ್ತರವನ್ನೆಲ್ಲ ಮುಂದಿನ ಕಣಿವೆಯಲ್ಲಿ ಕಳೆದುಕೊಂಡು, ಮತ್ತೆ ಹತ್ತು.

ಮೂರನೆಯ ಶಿಖರ ಇಳಿದಲ್ಲಿ ದೊಡ್ಡ ಮರವೊಂದು ಬೇರುಸಹಿತ ದಾರಿಗೆ ಅಡ್ಡ ಮಲಗಿತ್ತು. ಎದ್ದು ನಿಂತ ಬೇರಿನ ಗೋಡೆ ನಮಗಿಂತ ಎತ್ತರ. ಕೆಳಗೆ ನೋಡಿದರೆ ಮಣ್ಣು ಗೇಣುದ್ದ, ಆಮೇಲೆ ಬರೀ ಬಂಡೆ. ಬೇರುಗಳು ಆಳಕ್ಕೆ ಹೋಗಲಾರದೆ ಅಗಲಕ್ಕೆ ಹರಡಿದ್ದವು. ಇಷ್ಟೇ ಹಿಡಿತದಲ್ಲಿ ಅಷ್ಟು ವರ್ಷ ಗಾಳಿಗೆ ನಿಂತಿತ್ತಲ್ಲ! ಮೇಲೆ ತೆರೆದ ಆಕಾಶದಿಂದ ಬಿಸಿಲು ಬಿದ್ದ ಕಡೆ ಆಗಲೇ ಸಣ್ಣ ಸಸಿಗಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನು ಆ ಸಸಿಗಳ ಮೇಲೇ ಹೊರಟ. ಕಾಂಡ ಹತ್ತಿದರೆ ಶೂ ತರಚುತ್ತದೆ, ಅಲ್ವಾ?

ಸೂತ್ರ ಹೇಳಿದ್ದಕ್ಕಿಂತ ಎಷ್ಟೋ ತಡವಾಗಿ ಬುಡ ತಲುಪಿದಾಗ, ಮರುದಿನ ಹತ್ತಲು ಬಂದ ತಂಡವೊಂದು ಸಿಕ್ಕಿತು. ‘ದಾರಿ ಹೇಗಿದೆ?’ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವನು, ‘ಚೆನ್ನಾಗಿದೆ, ಕೆಸರೇನೂ ಇಲ್ಲ’ ಅಂದ.

ಅವರು ಅವನ ಶೂ ನೋಡಿದರು. ಆಮೇಲೆ ಮೊಣಕಾಲಿನವರೆಗೆ ಕೆಸರು ಮೆತ್ತಿದ್ದ ನನ್ನನ್ನು ನೋಡಿ, ‘ಬಿದ್ದುಬಿಟ್ರಾ ಸರ್?’ ಅಂದರು.