ಅವ್ವನ ಕನಸಿನ ಆಕಳು

ಐದು ವರ್ಷ ನಮ್ಮ ಅವ್ವ ಒಂದೇ ಕನಸನ್ನು ಕಾಣುತ್ತಿದ್ದಳು. ಹಿತ್ತಲಿನಿಂದ ರಾಡಿ ನೀರು ಏರುತ್ತದೆ. ಕೊಟ್ಟಿಗೆಯಲ್ಲಿ ಆಕಳು ಒದರುತ್ತದೆ. ಅವ್ವ ಕಣ್ಣಿ ಬಿಚ್ಚಲು ಬಗ್ಗುತ್ತಾಳೆ, ನೆನೆದ ಗಂಟು ಸಡಿಲವಾಗುವುದಿಲ್ಲ. ನೀರು ಆಕಳ ಮೂಗಿನ ತನಕ ಬಂದಾಗ ಚೀರಿ ಎದ್ದು ಕೂರುತ್ತಾಳೆ. ಆಗ ಸಾಮಾನ್ಯವಾಗಿ ನಾಲ್ಕೋ ನಾಲ್ಕೂವರೆಯೋ ಆಗಿರುತ್ತಿತ್ತು.

ಇದರಲ್ಲಿ ಬಹುಪಾಲು ಕನಸೇ ಅಲ್ಲ. 2019ರ ಆಗಸ್ಟ್‌ನಲ್ಲಿ ಸವದತ್ತಿ ಹತ್ತಿರದ ನವಿಲುತೀರ್ಥ ಜಲಾಶಯ ತುಂಬಿ ಮಲಪ್ರಭೆಗೆ ನೀರು ಬಿಟ್ಟಾಗ ನರಗುಂದ, ರೋಣ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ನಮ್ಮದೂ ಅಂಥ ಒಂದು ಊರು. ನಾನು ಹುಬ್ಬಳ್ಳಿಯಲ್ಲಿದ್ದೆ. ಅವ್ವ ಮತ್ತು ಕಾಕಾ ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರ ಸೇರಿದರು. ಆಕಳು ಉಳಿಯಲಿಲ್ಲ.

ಊರಿನ ಹಿರಿಯರೊಬ್ಬರು ಅವ್ವನ ಕನಸಿಗೆ ಅರ್ಥ ಹೇಳಿದರು: ಬೆಳಗಿನ ಜಾವದ ಕನಸು ಸುಳ್ಳಾಗುವುದಿಲ್ಲ, ಆಕಳು ಮುಳುಗಿತೆಂದರೆ ಮನೆಯಲ್ಲಿ ಒಂದು ಜೀವ ಹೋಗುತ್ತದೆ. ಅಂದಿನಿಂದ ಅವ್ವ ಮಲಗಲು ಹೆದರತೊಡಗಿದಳು. ತಲೆದಿಂಬಿನ ಕೆಳಗೆ ಕುಡುಗೋಲು ಇಟ್ಟುಕೊಂಡಳು, ತಾಯತ ಕಟ್ಟಿಸಿಕೊಂಡಳು. ದಿನವೂ ಬೆಳಿಗ್ಗೆ ಐದಕ್ಕೆ ನನಗೆ ಫೋನ್ ಬರುತ್ತಿತ್ತು: "ತಮ್ಮಾ, ಆರಾಮ ಇದ್ದೀಯಲ್ಲ?" ಇದ್ದೇನೆ ಎಂದರೆ ಸಾಕು, ಇಡುತ್ತಿದ್ದಳು. ತಾಯತದ ಬಗ್ಗೆ ನನ್ನ ತಕರಾರಿಲ್ಲ, ಅದರಿಂದ ಅವಳಿಗೆ ಧೈರ್ಯ ಬರುವುದಾದರೆ ಬರಲಿ. ಆದರೆ ಆಗಲೇ ನೊಂದಿದ್ದ ಒಂದು ಜೀವಕ್ಕೆ ಮಗನ ಸಾವಿನ ಭಯವನ್ನೂ ಹೊರಿಸಿದ ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಬೆಳಗಿನ ಜಾವಕ್ಕೆ ವಿಶೇಷ ಇರುವುದು ನಿಜ, ಆದರೆ ಅದರ ಕಾರಣ ಬೇರೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬುವರು, ನಿದ್ದೆಯ ಕೆಲವು ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಓಡಾಡುತ್ತವೆ, ಆಗ ಎಬ್ಬಿಸಿದರೆ ಹೆಚ್ಚಿನವರು ಕನಸು ಹೇಳುತ್ತಾರೆ ಎಂದು ತೋರಿಸಿದರು. ಈ ಹಂತ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಇರುಳು ಕಳೆದಂತೆ ಉದ್ದವಾಗುತ್ತದೆ. ಹಾಗಾಗಿ ದೀರ್ಘವಾದ, ಎದ್ದ ಮೇಲೂ ನೆನಪಿರುವ ಕನಸುಗಳು ಬೆಳಗಿನ ಜಾವಕ್ಕೇ ಬೀಳುತ್ತವೆ. ಆ ಹೊತ್ತಿನಲ್ಲಿ ಮಿದುಳಿನ ಭಯದ ಕೇಂದ್ರವಾದ ಅಮಿಗ್ಡಲ ಚುರುಕಾಗಿರುತ್ತದೆ, ವಿವೇಚನೆಯ ಮುಂಭಾಗ ಮಂಕಾಗಿರುತ್ತದೆ. ಕೈಕಾಲುಗಳ ಸ್ನಾಯುಗಳನ್ನು ಮಿದುಳೇ ತಡೆದು ಹಿಡಿದಿರುತ್ತದೆ. ಎಚ್ಚರವಾದರೂ ಆ ಹಿಡಿತ ಕೆಲವು ಕ್ಷಣ ಬಿಡದಿದ್ದಾಗಲೇ ನಮ್ಮವರು "ದೆವ್ವ ಎದೆಯ ಮೇಲೆ ಕುಳಿತಿತ್ತು" ಎನ್ನುವುದು. (ಚಿಕ್ಕ ಮಕ್ಕಳು ಮಲಗಿದ ಒಂದೆರಡು ತಾಸಿನಲ್ಲೇ ಚೀರಿ ಎದ್ದು, ಬೆಳಿಗ್ಗೆ ಏನೂ ನೆನಪಿಲ್ಲ ಎನ್ನುವುದು ಬೇರೆ ಸಂಗತಿ. ಅದು ಗಾಢ ನಿದ್ದೆಯಲ್ಲಿ ಆಗುವಂಥದ್ದು, ಬಹುತೇಕ ಬೆಳೆಯುತ್ತಾ ತಾನೇ ಹೋಗುತ್ತದೆ.)

ಕನಸಿಗೆ ಅರ್ಥವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದುಮಿಟ್ಟ ಆಸೆಗಳ ವೇಷವೇ ಕನಸು ಎಂದ ಫ್ರಾಯ್ಡ್. ಅಪಾಯ ಎದುರಿಸಲು ಮಿದುಳು ಮಾಡುವ ತಾಲೀಮು ಎಂದರು ಫಿನ್ಲೆಂಡಿನ ಮನೋವಿಜ್ಞಾನಿ ರೆವೊನ್ಸುವೊ. ಅವ್ವನನ್ನು ನೋಡಿದ ಮೇಲೆ ನನಗೆ ಎರಡೂ ಸಾಲುವುದಿಲ್ಲ ಅನಿಸುತ್ತದೆ. ಆಕಳು ಮುಳುಗುವುದು ಯಾರ ಆಸೆ? ಐದು ವರ್ಷವಾದರೂ ಗಂಟು ಬಿಚ್ಚಲಾಗದ ತಾಲೀಮು ಎಂಥ ತಾಲೀಮು? ಅವಳ ಕನಸು ಮುಂದಾಗುವುದನ್ನು ಹೇಳುತ್ತಿರಲಿಲ್ಲ. ಆಗಿಹೋದದ್ದು ಅವಳೊಳಗೆ ಇನ್ನೂ ಮುಗಿದಿಲ್ಲ ಎಂದು ಹೇಳುತ್ತಿತ್ತು. ಅದನ್ನು ಕೇಳಿಸಿಕೊಳ್ಳದೆ ನಾವು ಶಕುನ ಹುಡುಕುತ್ತಿದ್ದೆವು.

ಕೊನೆಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಸುಲಭವಾಗಿರಲಿಲ್ಲ. "ಇವನನ್ನು ಧಾರವಾಡಕ್ಕೆ ಕಳಿಸಬೇಕು" ಎಂದು ಬೈಯುವುದನ್ನು ಕೇಳಿಯೇ ಬೆಳೆದವರು ನಾವು. 1845ರಲ್ಲಿ ಆರಂಭವಾದ ಆಸ್ಪತ್ರೆ ಅದು, ಬೈಗುಳವೂ ಅಷ್ಟೇ ಹಳೆಯದಿರಬಹುದು. "ನನಗೆ ಹುಚ್ಚು ಹಿಡಿದಿದೆಯೇನು ತಮ್ಮಾ?" ಎಂದು ಬಸ್ಸಿನಲ್ಲಿ ಅವ್ವ ಎರಡು ಸಲ ಕೇಳಿದಳು.

ವೈದ್ಯೆ ಮೊದಲು ಕೇಳಿದ್ದು ಬಿಪಿ ಮಾತ್ರೆಯ ಹೆಸರನ್ನು. ಬೀಟಾ ಬ್ಲಾಕರ್ ಎಂಬ ಗುಂಪಿನ ಕೆಲವು ಮಾತ್ರೆಗಳು ಕೆಟ್ಟ ಕನಸು ತರಬಲ್ಲವಂತೆ. ಜ್ವರ, ಕುಡಿತ ಬಿಟ್ಟ ಮೊದಲ ದಿನಗಳು, ನಿದ್ದೆಗೇಡು ಕೂಡ ತರುತ್ತವೆ. ಅವ್ವನಿಗೆ ಕಾರಣ ಅವಾವೂ ಅಲ್ಲ. ಆಮೇಲೆ ಅವರು, "ಅವ್ವಾರೇ, ಕನಸು ನಿಮ್ಮದೇ. ಅದನ್ನು ಹೇಗೆ ಬದಲಿಸುತ್ತೀರಿ, ನೀವೇ ಹೇಳಿ" ಎಂದರು.

ಅವ್ವ ಬಹಳ ಹೊತ್ತು ಸುಮ್ಮನಿದ್ದು, "ಕುಡುಗೋಲಿನಿಂದ ಕಣ್ಣಿ ಕೊಯ್ಯುತ್ತೇನೆ" ಎಂದಳು. ದಿಂಬಿನ ಕೆಳಗಿದ್ದ ಅದೇ ಕುಡುಗೋಲು. ಆಕಳು ಈಜಿ ದ್ಯಾಮವ್ವನ ಗುಡಿಯ ಕಟ್ಟೆ ಹತ್ತುತ್ತದೆ, ಅಲ್ಲಿ ಮೈ ಕೊಡವುತ್ತದೆ. ಈ ಹೊಸ ಕಥೆಯನ್ನು ದಿನವೂ ಹಗಲು ಹತ್ತಿಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮನಸ್ಸಿನಲ್ಲಿ ನೋಡಬೇಕು. ಇಷ್ಟೇ. ಮರುಕಳಿಸುವ ದುಃಸ್ವಪ್ನಕ್ಕೆ ಜಗತ್ತಿನಾದ್ಯಂತ ವೈದ್ಯರು ಬಳಸುವ ವಿಧಾನವಿದು. ಜೋಳ ಹಸನು ಮಾಡುತ್ತಾ ಕುಳಿತ ಅವ್ವ ನಡುವೆ ಕಣ್ಣು ಮುಚ್ಚಿದರೆ, ಮನೆಯವರೆಲ್ಲ ದನಿ ತಗ್ಗಿಸುತ್ತಿದ್ದೆವು.

ವಾರಗಳು ಹಿಡಿದವು. ಮೊದಲು ಕನಸು ವಿರಳವಾಯಿತು, ಆಮೇಲೆ ಐದರ ಫೋನ್ ನಿಂತಿತು. ನಿಮ್ಮ ಮನೆಯಲ್ಲಿ ಹೀಗೆ ಚೀರಿ ಏಳುವವರಿದ್ದರೆ, ಏನು ಕಂಡಿರಿ ಎನ್ನುವುದರ ಜೊತೆಗೆ ನಿಮಗೆ ಏನಾಗಿತ್ತು ಎಂದೂ ಕೇಳಿ. ಧಾರವಾಡ ದೂರವಾದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ.

ಈಗಲೂ ಮಳೆಗಾಲದಲ್ಲಿ ನವಿಲುತೀರ್ಥದ ಗೇಟು ತೆರೆದ ಸುದ್ದಿ ಬಂದರೆ ಅವ್ವ ಊಟ ಅರ್ಧಕ್ಕೆ ಬಿಡುತ್ತಾಳೆ. ಆ ರಾತ್ರಿ ಊರಿಗೆ ಹೋಗಿ ಅವಳ ಕೋಣೆಯಲ್ಲೇ ಹಾಸಿಗೆ ಹಾಸಿಕೊಳ್ಳುತ್ತೇನೆ. ಹೋದ ವರ್ಷ ಹಾಗೆ ಮಲಗಿದ್ದಾಗ ನಾಲ್ಕಕ್ಕೆ ಎದ್ದು ಕುಳಿತಳು, ಚೀರಲಿಲ್ಲ. ನೀರು ಕೊಟ್ಟು, ಏನು ಕಂಡೆ ಎಂದೆ. "ಆಕಳು ಕಟ್ಟೆಯ ಮೇಲಿತ್ತು. ಕರು ಎಲ್ಲಿ ಎಂದು ಹುಡುಕುತ್ತಿದ್ದೆ" ಎಂದಳು. ಕರುವಿನ ಸುದ್ದಿಯನ್ನು ನಾನು ಕೇಳಿದ್ದು ಅದೇ ಮೊದಲು.