ಆಕಾಶಕ್ಕೆ ಏಣಿ, ಟವರಿಗೆ ಬ್ಯಾಟರಿ ಇಲ್ಲ

ನಿನ್ನೆ ಬೆಂಗಳೂರಿನಲ್ಲಿ 6ಜಿ, ಅಂದರೆ ಮುಂದಿನ ತಲೆಮಾರಿನ ಮೊಬೈಲ್ ಜಾಲದ ಕುರಿತ ವಿಚಾರ ಸಂಕಿರಣವೊಂದಕ್ಕೆ ಹೋಗಿದ್ದೆ. ಅಲ್ಲಿ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ವೇದಿಕೆಯ ಮೇಲಿದ್ದ ಮಹನೀಯರು ಪಶ್ಚಿಮ ಘಟ್ಟದ ನಕ್ಷೆಯನ್ನು ಪರದೆಯ ಮೇಲೆ ತೋರಿಸಿದರು. ಮೊದಲು ಹೊಸನಗರ, ತೀರ್ಥಹಳ್ಳಿ, ಶೃಂಗೇರಿಯ ಕಡೆಯೆಲ್ಲ ಸಿಗ್ನಲ್ ಸಿಗದ ಜಾಗಗಳ ಕೆಂಪು ಚುಕ್ಕೆಗಳು. ಗುಂಡಿ ಒತ್ತಿದ್ದೇ ತಡ, ಮೇಲಿನಿಂದ ಉಪಗ್ರಹಗಳೂ ಡ್ರೋನ್‌ಗಳೂ ಪ್ರತ್ಯಕ್ಷವಾಗಿ ಇಡೀ ಮಲೆನಾಡು ಹಸಿರಾಗಿಬಿಟ್ಟಿತು. ಸಭೆ ಚಪ್ಪಾಳೆ ತಟ್ಟಿತು. ಅಮ್ಮ ಒಬ್ಬಳೇ ಇರುವ ನಮ್ಮ ಮನೆಯೂ ಆ ಹಸಿರಿನೊಳಗೇ ಇತ್ತು.

ನನ್ನ ಹೊಟ್ಟೆಪಾಡು ಏನೆಂದು ನಿಮಗೆಲ್ಲ ಗೊತ್ತೇ ಇದೆ: ಟವರ್ ಎಲ್ಲಿ ನಿಲ್ಲಬೇಕು, ಆಂಟೆನಾ ಯಾವ ದಿಕ್ಕಿಗೆ ಎಷ್ಟು ಬಾಗಬೇಕು ಎಂದು ಲೆಕ್ಕ ಹಾಕುವುದು. ಹಾಗಾಗಿ ನನ್ನನ್ನು ತಂತ್ರಜ್ಞಾನದ ವಿರೋಧಿ ಎಂದು ಯಾರೂ ಕರೆಯಲಾರರು. 2025ರ ಡಿಸೆಂಬರ್ 24ರ ಬೆಳಿಗ್ಗೆ ಶ್ರೀಹರಿಕೋಟಾದಿಂದ ನಮ್ಮ ಎಲ್‌ವಿಎಂ-3 ರಾಕೆಟ್ಟು ಆರು ಟನ್ನಿಗೂ ಹೆಚ್ಚು ತೂಕದ ಬ್ಲೂಬರ್ಡ್ ಉಪಗ್ರಹವನ್ನು ಹೊತ್ತು ಏರಿದಾಗ, ಕಚೇರಿಯ ಮೀಟಿಂಗನ್ನು ಮ್ಯೂಟ್ ಮಾಡಿ ಕಣ್ಣು ಪಿಳುಕಿಸದೆ ನೋಡಿದವನು ನಾನು. ಸುಮಾರು 223 ಚದರ ಮೀಟರಿನ ಆಂಟೆನಾವನ್ನು ಬಾಹ್ಯಾಕಾಶದಲ್ಲಿ ಬಿಚ್ಚಿ, ನಮ್ಮ ಜೇಬಿನಲ್ಲಿರುವ ಮಾಮೂಲಿ ಮೊಬೈಲಿನ ದನಿಯನ್ನು ಐನೂರು ಕಿಲೋಮೀಟರ್ ಎತ್ತರದಿಂದ ಆಲಿಸುವುದು ಸಣ್ಣ ಮಾತಲ್ಲ. ಮೊಬೈಲು ಹೊರಸೂಸುವ ಶಕ್ತಿ ಒಂದು ವ್ಯಾಟ್‌ನ ಐದನೇ ಒಂದು ಭಾಗದಷ್ಟು ಮಾತ್ರ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ವಿಜ್ಞಾನಿಗಳು ಚಳ್ಳಕೆರೆಯಲ್ಲಿ ಇಪ್ಪತ್ತಮೂರು ಕಿಲೋ ತೂಕದ ಸೌರ ವಿಮಾನವನ್ನು ಎಂಟು ಗಂಟೆಗೂ ಮೀರಿ ಹಾರಿಸಿದಾಗಲೂ ಹಿಗ್ಗಿದ್ದೆ. ಅದರ ದೊಡ್ಡಣ್ಣ ಮುಂದೊಂದು ದಿನ ಇಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ, ಮೋಡ ಮಳೆಗಳಿಂದ ಮೇಲೆ, ತಿಂಗಳುಗಟ್ಟಲೆ ನಿಂತು ಟವರಿನ ಕೆಲಸ ಮಾಡಬೇಕೆಂಬುದು ಅವರ ಗುರಿ. ಮಾಡಲಿ, ಹಾರೈಸುತ್ತೇನೆ.

ನನ್ನ ತಕರಾರು ಬೇರೆ. ನಮ್ಮೂರಿನಲ್ಲಿ ಟವರ್ ಇದೆ. ಕರೆಂಟು ಹೋದ ಮುಕ್ಕಾಲು ಗಂಟೆಗೆ ಅದು ಉಸಿರು ನಿಲ್ಲಿಸುತ್ತದೆ, ಏಕೆಂದರೆ ಅದರ ಬ್ಯಾಟರಿಗಳು ಮುದಿಯಾಗಿ ಯಾವುದೋ ಕಾಲವಾಯಿತು. ಜನರೇಟರ್ ಇದೆ, ಡೀಸೆಲ್ ಇಲ್ಲ. ಹೋದ ಮಳೆಗಾಲದಲ್ಲಿ ಬೇಲಿಯ ಹೊರಗೆ ನಿಂತು ನೋಡಿದೆ: ಗೇಟಿನ ಬೀಗಕ್ಕೆ ತುಕ್ಕು, ಜನರೇಟರಿನ ಹೊಗೆಕೊಳವೆಯ ಬಾಯಿಗೆ ಯಾರೋ ಮಳೆ ನೀರು ಹೋಗದಂತೆ ಮಗುಚಿಟ್ಟ ಪೇಂಟಿನ ಡಬ್ಬ, ಅದರ ಮೇಲೆ ಹಬ್ಬಿದ ಬಳ್ಳಿ. ಡಬ್ಬದ ಮೇಲೆ ಬಳ್ಳಿ ಹಬ್ಬಬೇಕಾದರೆ ಆ ಜನರೇಟರ್ ಎಷ್ಟು ತಿಂಗಳಿಂದ ಚಾಲೂ ಆಗಿಲ್ಲವೋ ನೀವೇ ಊಹಿಸಿ. ಜೂನ್ ಬಂತೆಂದರೆ ನಮ್ಮಲ್ಲಿ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟು ಇರುವುದಿಲ್ಲ. ಆ ದಿನಗಳಲ್ಲಿ ಅಮ್ಮನಿಗೆ ಫೋನ್ ಮಾಡಿದರೆ ಕೇಳುವುದು 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂಬ ಧ್ವನಿ. ಅಮ್ಮ ಎಲ್ಲಿಯೂ ಹೋಗಿರುವುದಿಲ್ಲ.

ಈ ಕಾಯಿಲೆಗೆ ಉಪಗ್ರಹವೇ ಮದ್ದು ಎನ್ನುವವರಿಗೆ ನೇರವಾಗಿ ಹೇಳುತ್ತೇನೆ. ಮೊಬೈಲಿಗೆ ನೇರವಾಗಿ ಬರುವ ಉಪಗ್ರಹದ ಒಂದೊಂದು ಕಿರಣವೂ ನೆಲದ ಮೇಲೆ ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡುತ್ತದೆ; ಒಂದು ಟವರಿನ ಸೆಕ್ಟರು, ಅಂದರೆ ಒಂದು ದಿಕ್ಕಿಗೆ ಮುಖಮಾಡಿದ ಆಂಟೆನಾದ ಪಾಲು, ಬೆರಳೆಣಿಕೆಯ ಕಿಲೋಮೀಟರುಗಳಲ್ಲಿರುವವರಿಗೆ ಕೊಡುವ ಸಾಮರ್ಥ್ಯವನ್ನು ಅಲ್ಲಿ ಇಡೀ ಹೋಬಳಿ ಹಂಚಿಕೊಳ್ಳಬೇಕು. ಮದುವೆಮನೆಗೆ ಒಂದೇ ತಂಬಿಗೆ ನೀರಿಟ್ಟ ಹಾಗೆ. ಅದೂ ತಲೆಯ ಮೇಲೆ ಬಯಲು ಆಕಾಶವಿದ್ದರೆ. ಹೆಂಚಿನ ಮಾಡಿನ ಕೆಳಗೆ, ಅಡಿಕೆ ತೋಟದ ನಡುವೆ, ಆಷಾಢದ ಮಳೆಯಲ್ಲಿ ಅಂಗಳಕ್ಕಿಳಿದು ಫೋನನ್ನು ಮೇಲಕ್ಕೆತ್ತಿ ನಿಲ್ಲುವಂತೆ ಎಪ್ಪತ್ತು ದಾಟಿದ ಹೆಂಗಸಿಗೆ ಯಾವ ಬಾಯಲ್ಲಿ ಹೇಳುವುದು? ಮನೆಯ ಮೇಲೆ ಉಪಗ್ರಹದ ಆಂಟೆನಾ ತಟ್ಟೆ ಇಟ್ಟುಕೊಳ್ಳುವ ದಾರಿಯೂ ಇದೆ ಎನ್ನುತ್ತೀರಿ. 2025ರ ಡಿಸೆಂಬರಿನಲ್ಲಿ ಉಪಗ್ರಹ ಇಂಟರ್‌ನೆಟ್ ಕಂಪನಿ ಸ್ಟಾರ್‌ಲಿಂಕ್‌ನ ಭಾರತದ ಜಾಲತಾಣದಲ್ಲಿ ತಿಂಗಳಿಗೆ 8,600 ರೂಪಾಯಿ, ಉಪಕರಣಕ್ಕೆ 34,000 ರೂಪಾಯಿ ಎಂಬ ದರ ಕಾಣಿಸಿಕೊಂಡು, ಅದು ಪರೀಕ್ಷೆಗೆ ಹಾಕಿದ ಅಂಕಿ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ನಿಜವಾದ ದರ ಅದರ ಅರ್ಧವೇ ಆಗಲಿ, ತೋಟದ ಯಜಮಾನರು ಕೊಟ್ಟಾರು. ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವವನು ಕೊಡುತ್ತಾನೆಯೇ?

ಡ್ರೋನಿನ ಕಥೆಯಂತೂ ಇನ್ನೂ ಸ್ವಾರಸ್ಯಕರ. 2017ರ ಮರಿಯಾ ಚಂಡಮಾರುತದ ನಂತರ ಪೋರ್ಟೊರಿಕೊದಲ್ಲಿ ಎಟಿ ಅಂಡ್ ಟಿ ಕಂಪನಿ ಡ್ರೋನನ್ನು ತಂತಿಯಿಂದ ನೆಲಕ್ಕೆ ಕಟ್ಟಿ ಹಾರಿಸಿ, ಅದನ್ನೇ ಟವರಾಗಿ ಬಳಸಿತು. ಒಳ್ಳೆಯ ಕೆಲಸ. ನಿನ್ನೆಯ ಸಭೆಯಲ್ಲೂ ಅಂಥದೇ ಚಿತ್ರವೊಂದು ಬಂತು. ಆದರೆ ಆ ತಂತಿಯಲ್ಲಿ ಮೇಲೇರುವುದು ನೆಲದಿಂದ ಕೊಡುವ ವಿದ್ಯುತ್ತು. ಕರೆಂಟಿಲ್ಲದ ಊರಿನಲ್ಲಿ ಅದನ್ನು ಕೊಡಬೇಕಾದುದು ಜನರೇಟರ್, ಜನರೇಟರಿಗೆ ಬೇಕಾದುದು ಡೀಸೆಲ್. ಡ್ರೋನಿಗೆ ತರಬಲ್ಲ ಡೀಸೆಲನ್ನು ಟವರಿಗೇಕೆ ತರಲಾಗದು ಎಂಬ ನನ್ನ ಪ್ರಶ್ನೆಗೆ ವೇದಿಕೆಯಿಂದ ಬಂದ ಉತ್ತರ ಒಂದು ಮುಗುಳ್ನಗೆ.

'ಇಪ್ಪತ್ತು ಮನೆಯ ಊರಿಗೆ ಟವರ್ ಲಾಭದಾಯಕವಲ್ಲ, ವಾಸ್ತವವಾದಿಯಾಗು' ಎಂದು ಗೆಳೆಯರೊಬ್ಬರು ಚಹಾದ ಹೊತ್ತಿನಲ್ಲಿ ಬುದ್ಧಿ ಹೇಳಿದರು. ಲಾಭವಾಗದೆಂದೇ ತಾನೆ ಕಂಪನಿಗಳ ಆದಾಯದಿಂದ ಶೇ. 5ರಷ್ಟನ್ನು ಸರ್ಕಾರ ಸೇವಾ ನಿಧಿಗೆಂದು ಪಡೆಯುವುದು? ಆ ನಿಧಿಯಿಂದಲೇ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 2022ರಲ್ಲಿ 26,316 ಕೋಟಿ ರೂಪಾಯಿಯ ಯೋಜನೆ ಮಂಜೂರಾಯಿತು. ವಾಸ್ತವವಾದವೆಂದರೆ ಪ್ರತಿ ಬಾರಿಯೂ ಹಳ್ಳಿಯವನೇ ಸುಮ್ಮನಾಗುವುದು ಎಂದಾದರೆ ನನಗೆ ಅದು ಬೇಡ. ಗೂಗಲ್‌ನ ಮಾತೃಸಂಸ್ಥೆ ಬಲೂನುಗಳಿಂದ ಇಂಟರ್‌ನೆಟ್ ಕೊಡುತ್ತೇನೆಂದು ಹೊರಟು, ಕೀನ್ಯಾದಲ್ಲಿ 2020ರಲ್ಲಿ ಸೇವೆ ಆರಂಭಿಸಿ, ಖರ್ಚು ಹೊಂದಲಿಲ್ಲವೆಂದು 2021ರಲ್ಲಿ ಮುಚ್ಚಿಕೊಂಡು ಹೋಯಿತು. ನಾವು ಈಗ ಈ ಹರಟೆ ಹೊಡೆಯುತ್ತಿರುವ ಫೇಸ್‌ಬುಕ್ಕು ಆಕಾಶದಿಂದ ಇಂಟರ್‌ನೆಟ್ ಕೊಡಲು ಕಟ್ಟಿದ ಅಕ್ವಿಲಾ ವಿಮಾನದ ಯೋಜನೆಯನ್ನು 2018ರಲ್ಲೇ ಕೈಬಿಟ್ಟಿತು. ಆಕಾಶದ ಲಾಭದಾಯಕತೆಯ ಬಗ್ಗೆ ಆ ಗೆಳೆಯರು ಇನ್ನೊಮ್ಮೆ ಯೋಚಿಸಲಿ.

ಸಮುದ್ರದ ಮೀನುಗಾರರಿಗೆ, ದಟ್ಟ ಕಾಡಿನೊಳಗಿನ ಅರಣ್ಯ ಸಿಬ್ಬಂದಿಗೆ, 2018ರ ಕೊಡಗಿನಂತೆ ಗುಡ್ಡವೇ ಜಾರಿದಾಗ ಸಿಕ್ಕಿಬಿದ್ದವರಿಗೆ ಉಪಗ್ರಹ ಬೇಕೇ ಬೇಕು. ಒಂದು ಸಂದೇಶ ಹೋದರೂ ಒಂದು ಜೀವ ಉಳಿಯುತ್ತದೆ. ಫೈಬರ್ ಎಳೆಯಲಾಗದ ಟವರಿಗೆ ಉಪಗ್ರಹದ ಕೊಂಡಿ ಕೊಡುವುದೂ ಸರಿಯೇ. ಆದರೆ ಇರುವ ಟವರನ್ನು ಸಾಯಲು ಬಿಟ್ಟು, ಸತ್ತ ಟವರಿನ ಹಳ್ಳಿಯನ್ನೂ ನಕ್ಷೆಯಲ್ಲಿ ಹಸಿರು ಬಳಿಯುವುದಕ್ಕೆ ಉಪಗ್ರಹವನ್ನು ಬಣ್ಣದ ಡಬ್ಬವಾಗಿ ಬಳಸಬಾರದು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ನಿಯಮಗಳ ಪ್ರಕಾರ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಲೇಬೇಕು. ಸೇವೆ ನಿಂತರೆ ಗ್ರಾಹಕರಿಗೆ ಪರಿಹಾರವನ್ನೂ ಕೊಡಬೇಕು, ಆದರೆ ಜಿಲ್ಲಾ ಮಟ್ಟದಲ್ಲಿ 24 ಗಂಟೆಗೂ ಹೆಚ್ಚು ಕಾಲ ನಿಂತರೆ ಮಾತ್ರ. ನಮ್ಮೂರ ಟವರ್ ವಾರವಿಡೀ ಬಿದ್ದುಕೊಂಡಿದ್ದರೂ ಶಿವಮೊಗ್ಗ ಜಿಲ್ಲೆ ಮಾತಾಡುತ್ತಲೇ ಇರುವುದರಿಂದ ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಆ ಲೆಕ್ಕವನ್ನು ಒಂದೊಂದು ಟವರಿಗೆ ಇಳಿಸಿ, ಕರೆಂಟು ಹೋದಾಗ ಯಾವ ಟವರ್ ಎಷ್ಟು ಗಂಟೆ ಬದುಕಿತ್ತು ಎಂಬುದನ್ನೂ ಅದೇ ನಕ್ಷೆಯಲ್ಲಿ ಹಾಕಿ. ಆಮೇಲೆ 6ಜಿ, 7ಜಿ, ಯಾವ ಜಿಯ ಭಾಷಣವನ್ನಾದರೂ ಮೊದಲ ಸಾಲಿನಲ್ಲಿ ಕೂತು ಕೇಳುತ್ತೇನೆ, ಚಪ್ಪಾಳೆಯನ್ನೂ ತಟ್ಟುತ್ತೇನೆ.